ಬ್ಯಾಕಪ್ ಇದೆ ಅನ್ನಬೇಡಿ, ತೆರೆದು ತೋರಿಸಿ

ಸಹಕಾರ ಸಂಘಗಳ ನಿಬಂಧಕರಿಗೆ,
ಸಹಕಾರ ಲೆಕ್ಕಪರಿಶೋಧನಾ ಇಲಾಖೆಯ ನಿರ್ದೇಶಕರಿಗೆ,
ಮತ್ತು ಊರೂರಿನ ಸೊಸೈಟಿ, ಸೌಹಾರ್ದಗಳ ಆಡಳಿತ ಮಂಡಳಿಯವರಿಗೆ

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹದಿನೆಂಟು ವರ್ಷ ಆಯಿತು. ಪ್ರಿಂಟರ್‌ಗೆ ಟೋನರ್ ತುಂಬುವುದು, ಯುಪಿಎಸ್ ಬ್ಯಾಟರಿ ಬದಲಿಸುವುದು, ಇಲಿ ಕಡಿದ ಕೇಬಲ್ ಮತ್ತೆ ಎಳೆಯುವುದು, ಇಂಥವೇ ನನ್ನ ಕೆಲಸ. ಸುತ್ತಮುತ್ತಲಿನ ಸೊಸೈಟಿಗಳು, ಸೌಹಾರ್ದಗಳು, ಎರಡು ನರ್ಸಿಂಗ್ ಹೋಂ, ಒಂದು ಸ್ಕೂಲು ನನ್ನ ಗಿರಾಕಿಗಳು. ಸೈಬರ್ ತಜ್ಞ ಅಂತ ಬೋರ್ಡ್ ಹಾಕಿಕೊಳ್ಳುವಷ್ಟು ಓದಿದವನಲ್ಲ. ಆದರೆ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಹೇಳಿಕೊಳ್ಳದೆ ನಿಮಗೆ ಬುದ್ಧಿ ಹೇಳಲು ಹೊರಡುವುದು ಸರಿಯಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2020ರ ಲಾಕ್‌ಡೌನ್. ನನ್ನ ಗಿರಾಕಿ ಸಂಸ್ಥೆಯೊಂದರ ಕಾರ್ಯದರ್ಶಿ ಫೋನ್ ಮಾಡಿದರು. 'ಮನೆಯಿಂದಲೇ ಆಫೀಸ್ ಕಂಪ್ಯೂಟರ್ ನೋಡೋ ಹಾಗೆ ಮಾಡಿಕೊಡಪ್ಪಾ' ಅಂದರು. ನಾನು ಮಾಡಿಕೊಟ್ಟೆ. ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದೆ. ರೌಟರ್‌ನಲ್ಲಿ ಒಂದು ಬಾಗಿಲು ತೆರೆದೆ. ಪಾಸ್‌ವರ್ಡ್ ಏನು ಅಂತ ಕೇಳಬೇಡಿ. ಸಂಸ್ಥೆಯ ಹೆಸರು, ಅದರ ಮುಂದೆ 123. ಹತ್ತು ನಿಮಿಷದ ಕೆಲಸ. ಮುನ್ನೂರು ರೂಪಾಯಿ ತಗೊಂಡೆ. ಲಾಕ್‌ಡೌನ್ ಮುಗಿಯಿತು. ಬಾಗಿಲು ಮುಚ್ಚುವುದು ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಅಲ್ಲಿನ ಗುಮಾಸ್ತೆ ಹುಡುಗಿ ಫೋನ್ ಮಾಡಿದಳು. 'ಅಣ್ಣಾ, ಫೈಲೆಲ್ಲಾ ಬೆಳ್ಳಗಾಗಿದೆ, ಯಾವುದೂ ಓಪನ್ ಆಗ್ತಿಲ್ಲ.' ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿನ ಹಿಂದೆ ಒಂದು ಉದ್ದನೆಯ ಬಾಲ. ಐಕಾನ್‌ಗಳೆಲ್ಲ ಬಿಳಿ ಹಾಳೆ. ಪ್ರತಿ ಫೋಲ್ಡರ್‌ನಲ್ಲೂ ಒಂದು ಚಿಕ್ಕ ಇಂಗ್ಲಿಷ್ ಚೀಟಿ. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಿದ್ದರೆ ಈ ಇಮೇಲ್‌ಗೆ ಬರೆಯಿರಿ, ದುಡ್ಡು ಬಿಟ್‌ಕಾಯಿನ್‌ನಲ್ಲಿ ಕೊಡಿ, ತಡ ಮಾಡಿದರೆ ದುಪ್ಪಟ್ಟು.

'ಬ್ಯಾಕಪ್ ಇದೆಯಲ್ಲಾ' ಅಂದರು ಕಾರ್ಯದರ್ಶಿ. ಇತ್ತು. ಎಲ್ಲಿತ್ತು? ಅದೇ ಕಂಪ್ಯೂಟರ್‌ಗೆ ಸದಾ ಚುಚ್ಚಿಟ್ಟ ಹಾರ್ಡ್‌ಡಿಸ್ಕ್‌ನಲ್ಲಿ. ಕಳ್ಳ ಮನೆಗೆ ಬಂದು ಬೀರುವಿಗೆ ಬೀಗ ಜಡಿದ. ಪಕ್ಕದಲ್ಲೇ ಇದ್ದ ಟ್ರಂಕಿಗೂ ಜಡಿದು ಹೋದ.

ಅವತ್ತು ಮಧ್ಯಾಹ್ನ ಅಧ್ಯಕ್ಷರು, ಕಾರ್ಯದರ್ಶಿ, ನಾನು ಮೂವರೇ ಕೂತೆವು. ಪೊಲೀಸರಿಗೆ ಹೇಳೋಣವಾ ಅಂತ ನಾನೇ ಕೇಳಿದೆ. ಅಧ್ಯಕ್ಷರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. 'ಊರಿಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ಎಲ್ರೂ ಡಿಪಾಸಿಟ್ ವಾಪಸ್ ಕೇಳ್ತಾರೆ.' ಅವರ ಹೆದರಿಕೆ ಸುಳ್ಳಲ್ಲ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಅದು. ಹೇಳಬೇಡ ಅಂದರು. ನಾನೂ ಸುಮ್ಮನಾದೆ. ಬಾಗಿಲು ತೆರೆದಿಟ್ಟವನು ನಾನೇ ಅಲ್ವಾ? ಮುಚ್ಚಿಟ್ಟರೆ ನನಗೂ ಒಳ್ಳೆಯದೇ ಇತ್ತು.

ಆಮೇಲೆ ನಡೆದದ್ದು ಒಂದು ನಾಟಕ. 'ಹೊಸ ಸಾಫ್ಟ್‌ವೇರ್ ಹಾಕ್ತಿದ್ದೇವೆ, ಎಲ್ಲರೂ ಪಾಸ್‌ಬುಕ್ ತನ್ನಿ' ಅಂತ ನೋಟಿಸ್ ಬೋರ್ಡ್‌ಗೆ ಅಂಟಿಸಿದರು. ಜನ ತಂದರು. ಪಾಸ್‌ಬುಕ್, ರಸೀದಿ, ಹಳೆಯ ಪ್ರಿಂಟ್ ನೋಡಿಕೊಂಡು ನಾಲ್ಕು ತಿಂಗಳು ಆ ಹುಡುಗಿ ಲೆಜರ್ ಮತ್ತೆ ಕಟ್ಟಿದಳು. ಪಾಸ್‌ಬುಕ್ ಎಂಟ್ರಿ ಮಾಡಿಸದವರ ಗತಿ? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರ ಪಿಗ್ಮಿ ಖಾತೆ ಇತ್ತು. ಅವರ ಲೆಕ್ಕ ಉಳಿದದ್ದು ಕಂಪ್ಯೂಟರ್‌ನಿಂದಲ್ಲ. ಪಿಗ್ಮಿ ಕಲೆಕ್ಟರ್ ಹಳೇ ಕಾಲದ ಮನುಷ್ಯ. ಕೈಗೆ ಮೆಷಿನ್ ಕೊಟ್ಟಿದ್ದರೂ ದಿನಾ ರಾತ್ರಿ ಉದ್ದದ ಡೈರಿಯಲ್ಲಿ ಬರೆದಿಡುತ್ತಿದ್ದ. ಆ ಡೈರಿಯೇ ಕೊನೆಗೆ ಬ್ಯಾಕಪ್ ಆಯಿತು. ಅವನನ್ನು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೆ.

ಬೀಗದ ಕೈಗೆ ದುಡ್ಡು ಕೊಟ್ಟರಾ, ಇಲ್ಲವಾ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಇದೇನು ನಮ್ಮ ತಾಲ್ಲೂಕಿನಲ್ಲಿ ಮಾತ್ರ ಆದದ್ದಲ್ಲ. 2024ರ ಜುಲೈ 31 ನೆನಪಿದೆಯಾ? ಅವತ್ತು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಲ್ಲಿ ಯುಪಿಐ, ಎಟಿಎಂ ವ್ಯವಹಾರ ನಿಂತುಹೋಗಿತ್ತು. ಹೆಚ್ಚಿನವು ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ. ಈ ಬ್ಯಾಂಕುಗಳು ಸ್ವಂತ ಸರ್ವರ್ ಕೋಣೆ ಇಟ್ಟುಕೊಂಡಿರಲಿಲ್ಲ. ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿ ಅವುಗಳಿಗೆ ತಂತ್ರಜ್ಞಾನ ಸೇವೆ ಕೊಡುತ್ತಿತ್ತು. ಅದಕ್ಕೆ ರಾನ್ಸಮ್‌ವೇರ್, ಅಂದರೆ ಹೀಗೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಸಾಫ್ಟ್‌ವೇರ್, ತಗುಲಿರಬಹುದು ಅಂತ ಗೊತ್ತಾದ ಕೂಡಲೇ, ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದು ಹಾಕಿತು. ಮರುದಿನ ಮತ್ತೆ ಜೋಡಿಸಿದರು. ಬೆಂಗಳೂರಿನದೇ ಆದ ಕ್ಲೌಡ್‌ಸೆಕ್ ಕಂಪನಿ ಇದರ ಜಾಡು ಹಿಡಿಯಿತು. ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಸರ್ವರ್ ಒಂದನ್ನು ಸರಿಯಾಗಿ ಹೊಂದಿಸಿರಲಿಲ್ಲ, ಕಳ್ಳರು ಅಲ್ಲಿಂದ ನುಗ್ಗಿದರು ಎಂದು ಅದು ಹೇಳಿತು.

ಅಂದರೆ ಏನು? ಯಾರದ್ದೋ ಮನೆಯ ಹಿತ್ತಲ ಬಾಗಿಲು. ಕಳ್ಳತನ ಆದದ್ದು ಮೂರನೇ ಮನೆಯಲ್ಲಿ. ಊಟ ತಪ್ಪಿದ್ದು ಮುನ್ನೂರು ಮನೆಗೆ.

ಈಗ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೆಲ್ಲ (ಪ್ಯಾಕ್ಸ್) ಕಂಪ್ಯೂಟರೀಕರಣ ಮಾಡುತ್ತಿದೆ. 2022ರಲ್ಲಿ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ ಎಂದು ಒಪ್ಪಿಗೆ ಕೊಟ್ಟಿತು. ನಬಾರ್ಡ್ ಉಸ್ತುವಾರಿ. ಎಲ್ಲರಿಗೂ ಒಂದೇ ಬಗೆಯ ಸಾಫ್ಟ್‌ವೇರ್. ಒಳ್ಳೆಯ ಕೆಲಸವೇ. ಲೆಡ್ಜರ್ ಪುಸ್ತಕಕ್ಕೆ ಗೆದ್ದಲು ಹತ್ತುವುದು ತಪ್ಪುತ್ತದೆ, ಬೇನಾಮಿ ಸಾಲ ಬರೆಯುವುದು ಸ್ವಲ್ಪ ಕಷ್ಟ ಆಗುತ್ತದೆ. ಆದರೆ ಕೀಲಿಮಣೆ ಮುಂದೆ ಕೂರುವವರು ಅದೇ ಗುಮಾಸ್ತೆ ಹುಡುಗಿ. ಕೆಟ್ಟರೆ ಕರೆಯುವುದು ಅದೇ ನನ್ನಂಥವನನ್ನು. ಇದು ನಿಮ್ಮ ತಲೆಯಲ್ಲಿರಲಿ.

ಇನ್ನು ಸೌಹಾರ್ದಗಳು, ಪತ್ತಿನ ಸಹಕಾರ ಸಂಘಗಳು. ಪಟ್ಟಣ ಸಹಕಾರಿ ಬ್ಯಾಂಕುಗಳಿಗಾದರೆ ಆರ್‌ಬಿಐ 2018ರಿಂದಲೇ ಸೈಬರ್ ಸುರಕ್ಷತೆಯ ನಿಯಮ ಕೊಟ್ಟಿದೆ. ಪ್ಯಾಕ್ಸ್‌ಗಳಿಗೆ, ಸೌಹಾರ್ದಗಳಿಗೆ ಆರ್‌ಬಿಐ ಕಣ್ಣು ಇಲ್ಲ. ಅವುಗಳ ಮೇಲೆ ಇರುವುದು ನಿಮ್ಮ ಕಣ್ಣು. ಅದಕ್ಕೇ ಈ ಪತ್ರ ಡೆಲ್ಲಿಗೂ ಅಲ್ಲ, ಮುಂಬೈಗೂ ಅಲ್ಲ, ನಿಮಗೆ.

'ನಮ್ಮ ಸಣ್ಣ ಸೊಸೈಟಿ ಮೇಲೆ ರಷ್ಯಾದವನಿಗೆ ಯಾಕಪ್ಪಾ ಕಣ್ಣು?' ಅಂತ ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕು. ಇದು ಗೊತ್ತಾಗದೆ ಮುಂದಿನದ್ಯಾವುದೂ ತಲೆಗೆ ಹೋಗುವುದಿಲ್ಲ.

ಅವನಿಗೆ ನಿಮ್ಮ ಸೊಸೈಟಿಯ ಮೇಲೆ ಕಣ್ಣಿಲ್ಲ. ನಿಮ್ಮ ಹೆಸರೂ ಅವನಿಗೆ ಗೊತ್ತಿಲ್ಲ. ಅವನು ಸಂತೆಯಲ್ಲಿ ಕೊಂಡ ಸರಕು ನೀವು.

ಆ ಸಂತೆ ಇರುವುದು ಡಾರ್ಕ್ ವೆಬ್‌ನಲ್ಲಿ, ಅಂದರೆ ಮಾಮೂಲಿ ಬ್ರೌಸರ್‌ಗೆ ಸಿಗದ ಇಂಟರ್ನೆಟ್ಟಿನ ಗುಪ್ತ ಮೂಲೆಯಲ್ಲಿ. ಅದರ ಹೆಸರು ಕೇಳಿದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಮುಖ ಮುಚ್ಚಿಕೊಂಡ ಹುಡುಗ, ಹಸಿರು ಅಕ್ಷರ, ಕತ್ತಲೆ ಕೋಣೆ. ನಿಜವಾಗಿ ಅದು ಒಂದು ಸಂತೆ. ಹೆಚ್ಚಿನವರು ಅಲ್ಲಿಗೆ ಹೋಗುವುದು ಟಾರ್ ಎಂಬ ಬ್ರೌಸರ್‌ನಿಂದ. ಅದರ ಮೂಲ ತಂತ್ರ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಪದರ ಸುತ್ತಿ, ಯಾರು ಯಾರಿಗೆ ಬರೆದರು ಎಂಬುದು ತಿಳಿಯದ ಹಾಗೆ ಮಾಡುವುದು ಅದರ ಉಪಾಯ. ಪತ್ರಕರ್ತರೂ ಬಳಸುತ್ತಾರೆ, ಕಳ್ಳರೂ ಬಳಸುತ್ತಾರೆ. 2011ರಲ್ಲಿ ಶುರುವಾಗಿ 2013ರಲ್ಲಿ ಮುಚ್ಚಿಹೋದ ಸಿಲ್ಕ್ ರೋಡ್ ಅಲ್ಲಿನ ಮೊದಲ ದೊಡ್ಡ ಮಾರುಕಟ್ಟೆ. ಮುಖ್ಯವಾಗಿ ಮಾದಕ ವಸ್ತುಗಳದ್ದು. ಮಾರುವವನಿಗೆ ಸ್ಟಾರ್, ಕೊಳ್ಳುವವನಿಂದ ರಿವ್ಯೂ. ನಾವು ಮಿಕ್ಸಿ ತರಿಸಿಕೊಳ್ಳುವ ಅಂಗಡಿಯ ಹಾಗೇ.

ಆಮೇಲೆ ಸಂತೆಯಲ್ಲಿ ಬೇರೆ ಸರಕು ಬಂತು. ಪಾಸ್‌ವರ್ಡ್. 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಜೆನೆಸಿಸ್ ಮಾರ್ಕೆಟ್ ಅನ್ನುವುದನ್ನು ಮುಚ್ಚಿಸಿದರು. ಅಲ್ಲಿ 15 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಂದ ಕದ್ದ 8 ಕೋಟಿ ಲಾಗಿನ್ ವಿವರ ಮಾರಾಟಕ್ಕಿತ್ತು. ಇವು ಎಲ್ಲಿಂದ ಬರುತ್ತವೆ ಗೊತ್ತಾ? ನಮ್ಮಂಥವರ ಟೇಬಲ್‌ನಿಂದ. ಟ್ಯಾಲಿ ಕ್ರ್ಯಾಕ್, ಫೋಟೋಶಾಪ್ ಕ್ರ್ಯಾಕ್, ಪುಕ್ಕಟೆ ಆಂಟಿವೈರಸ್ ಕೀ ಅಂತ ಡೌನ್‌ಲೋಡ್ ಮಾಡುತ್ತೇವಲ್ಲಾ, ಅದರ ಹೊಟ್ಟೆಯೊಳಗೆ ಒಂದು ಸಣ್ಣ ಕಳ್ಳ ಇರುತ್ತಾನೆ. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಗಂಟು ಕಟ್ಟಿ ಕಳಿಸಿಬಿಡುತ್ತಾನೆ. ಲುಮ್ಮಾ ಎಂಬುದು ಅಂಥದ್ದೊಂದು. 2025ರ ಮಾರ್ಚ್‌ನಿಂದ ಮೇವರೆಗಿನ ಎರಡೇ ತಿಂಗಳಲ್ಲಿ ಅದು 3.94 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಅಂಟಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತು. ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಕ್ರ್ಯಾಕ್ ಹಾಕಿಕೊಟ್ಟ ನನ್ನ ಕೈ ಈಗ ನಡುಗುತ್ತದೆ. ಆಗ ನಡುಗಿರಲಿಲ್ಲ.

ಹೀಗೆ ಸಿಕ್ಕ ಪಾಸ್‌ವರ್ಡನ್ನು, ನಾನು ತೆರೆದಿಟ್ಟಂಥ ಬಾಗಿಲನ್ನು ಒಬ್ಬ ಹುಡುಕುತ್ತಾನೆ. ಇನ್ನೊಬ್ಬನಿಗೆ ಮಾರುತ್ತಾನೆ. ಕೊಂಡವನು ಬೀಗ ಹಾಕುವ ಸಾಫ್ಟ್‌ವೇರನ್ನು ಮೂರನೆಯವನಿಂದ ತರುತ್ತಾನೆ. ಜಮೀನು ಪಾಲಿಗೆ ಕೊಟ್ಟ ಹಾಗೆ ಇವರ ವ್ಯವಹಾರ. ಲಾಕ್‌ಬಿಟ್ ಅನ್ನುವ ಗುಂಪಿನಲ್ಲಿ ದೋಚಿದ್ದರ 20 ಪಾಲು ಸಾಫ್ಟ್‌ವೇರ್ ಒಡೆಯನಿಗೆ, 80 ಪಾಲು ಗೇದವನಿಗೆ. ಅದಕ್ಕೇ ದೊಡ್ಡ ಆಸ್ಪತ್ರೆಯಾದರೇನು, ಸಣ್ಣ ಸೊಸೈಟಿಯಾದರೇನು, ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ನುಗ್ಗುತ್ತಾರೆ.

ಈ ಸಂತೆಯಲ್ಲಿ ನಮ್ಮ ರಾಜ್ಯದ ಸರಕೂ ಬಿದ್ದಿದೆ. ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ 2020ರಲ್ಲಿ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕೆ ಬಂತು. ಹೇಳಿದ ಬೆಲೆ ಸುಮಾರು 30 ಲಕ್ಷ ರೂಪಾಯಿ. ತಲೆಗೆ ಎಷ್ಟು ಬಿತ್ತು ಲೆಕ್ಕ ಹಾಕಿ. ಹದಿನೈದು ಪೈಸೆ. 2023ರ ಅಕ್ಟೋಬರ್‌ನಲ್ಲಿ 81.5 ಕೋಟಿ ಭಾರತೀಯರ ಆಧಾರ್, ಪಾಸ್‌ಪೋರ್ಟ್ ವಿವರ ತನ್ನ ಹತ್ತಿರ ಇದೆ, 80,000 ಡಾಲರ್‌ಗೆ ಕೊಡುತ್ತೇನೆ ಅಂತ ಒಬ್ಬ ಜಾಹೀರಾತು ಹಾಕಿದ. ಆ ವರ್ಷ ಡಿಸೆಂಬರ್‌ನಲ್ಲಿ ಡೆಲ್ಲಿ ಪೊಲೀಸರು ನಾಲ್ವರನ್ನು ಹಿಡಿದರು. ಡಿಜಿಟಲ್ ಅರೆಸ್ಟ್ ಮಾಡುವ ಕಳ್ಳ ನಿಮ್ಮ ಹೆಸರು, ಅಪ್ಪನ ಹೆಸರು, ಆಧಾರ್ ನಂಬರ್ ಎಲ್ಲ ಸರಿಯಾಗಿ ಹೇಳಿದ ಅಂತ ಜನ ಬೆರಗಾಗುತ್ತಾರೆ. ಅವನು ಹೇಳದೆ ಇನ್ನೇನು, ಕೆಜಿ ಲೆಕ್ಕದಲ್ಲಿ ಕೊಂಡಿರುತ್ತಾನೆ.

ಪೊಲೀಸರು ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2017ರಲ್ಲಿ ನೆದರ್ಲೆಂಡ್ಸ್ ಪೊಲೀಸರು ಹನ್ಸಾ ಎಂಬ ಕಳ್ಳಸಂತೆಯನ್ನು ವಶಕ್ಕೆ ತಗೊಂಡು, ಯಾರಿಗೂ ಹೇಳದೆ 27 ದಿನ ತಾವೇ ನಡೆಸಿದರು. ಅದೇ ಹೊತ್ತಿಗೆ ಅಲ್ಫಾಬೇ ಎಂಬ ಇನ್ನೊಂದು ದೊಡ್ಡ ಸಂತೆಯನ್ನು ಮುಚ್ಚಿಸಲಾಯಿತು. ಅಲ್ಲಿಂದ ಓಡಿದವರೆಲ್ಲ ಹನ್ಸಾಗೆ ಬಂದು ಪೊಲೀಸರ ಎದುರಿಗೇ ಅಂಗಡಿ ಹರಡಿಕೊಂಡರು! ಇದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಲಾಕ್‌ಬಿಟ್ ಜಾಲವನ್ನು 2024ರ ಫೆಬ್ರವರಿಯಲ್ಲಿ ಬ್ರಿಟನ್ ಪೊಲೀಸರ ಮುಂದಾಳತ್ವದಲ್ಲಿ ಹಿಡಿದರು. ಅವರ ಸರ್ವರ್‌ಗಳನ್ನು ತೆರೆದು ನೋಡಿದಾಗ ಒಂದು ಸಂಗತಿ ಸಿಕ್ಕಿತು. ದುಡ್ಡು ಕೊಟ್ಟವರ ಡೇಟಾ ಅಳಿಸುತ್ತೇವೆ ಅಂದಿದ್ದರಲ್ಲಾ, ಅಳಿಸಿರಲಿಲ್ಲ.

ಕಳ್ಳನ ಮಾತು ನಂಬಿ ಕೆಟ್ಟ ದೊಡ್ಡ ಉದಾಹರಣೆ ಅಮೆರಿಕದ ಚೇಂಜ್ ಹೆಲ್ತ್‌ಕೇರ್. ಅಲ್ಲಿನ ಆಸ್ಪತ್ರೆ, ಔಷಧ ಅಂಗಡಿ, ವಿಮೆಗಳ ನಡುವೆ ಲೆಕ್ಕ ಓಡಿಸುವ ಕಂಪನಿ ಅದು. 2024ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ಕ್ಯಾಟ್ ಗುಂಪು ಬೀಗ ಹಾಕಿತು. ನುಗ್ಗಿದ ದಾರಿಗೆ ಎರಡನೇ ಬೀಗವೇ ಇರಲಿಲ್ಲ, ಅಂದರೆ ಪಾಸ್‌ವರ್ಡ್ ಆದ ಮೇಲೆ ಕೇಳುವ ಒಟಿಪಿಯಂಥದ್ದು. ಕಂಪನಿ 2.2 ಕೋಟಿ ಡಾಲರ್ ಕೊಟ್ಟಿತು. ಗುಂಪಿನ ಒಡೆಯರು ಅಷ್ಟನ್ನೂ ಜೇಬಿಗೆ ಹಾಕಿಕೊಂಡು ಪರಾರಿಯಾದರು. ಗೇದವನಿಗೆ ಪಾಲು ಸಿಗಲಿಲ್ಲ. ಕೆಲವೇ ವಾರದಲ್ಲಿ ಇನ್ನೊಂದು ಗುಂಪು ಬಂದು, ಡೇಟಾ ನಮ್ಮ ಹತ್ತಿರ ಇದೆ, ನಮಗೂ ಕೊಡಿ ಅಂತ ಕೇಳಿತು.

ಹಾಗಾದರೆ ಯಾರೂ ಕೊಡದೆ ಇರಲು ಸಾಧ್ಯವಾ? ಕೊಡುವವರು ಕಮ್ಮಿ ಆಗುತ್ತಿದ್ದಾರೆ. ಕ್ರಿಪ್ಟೋ ಹಣದ ಜಾಡು ಹಿಡಿಯುವ ಚೈನಾಲಿಸಿಸ್ ಲೆಕ್ಕದ ಪ್ರಕಾರ 2023ರಲ್ಲಿ ಈ ಕಳ್ಳರಿಗೆ ಸಂದ ಹಣ 125 ಕೋಟಿ ಡಾಲರ್. 2024ರಲ್ಲಿ ಅದು ಸುಮಾರು 81 ಕೋಟಿಗೆ ಇಳಿಯಿತು. ಪೊಲೀಸರ ದಾಳಿ ಒಂದು ಕಾರಣ. ಬ್ಯಾಕಪ್ ಸರಿಯಾಗಿ ಇಟ್ಟುಕೊಂಡವರು ಜಾಸ್ತಿ ಆದದ್ದು ಇನ್ನೊಂದು.

ನಮ್ಮಲ್ಲೇ ನೋಡಿ. 2022ರ ನವೆಂಬರ್ 23ರಂದು ಡೆಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಿಗೆ ಬೀಗ ಬಿತ್ತು. ಚೀಟಿ ಬರೆಯುವುದು, ರಿಪೋರ್ಟ್ ಕೊಡುವುದು ಎಲ್ಲ ದಿನಗಟ್ಟಲೆ ಕೈಬರಹದಲ್ಲೇ ನಡೆಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆ! ಆದರೆ ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್ ಇತ್ತು. ಇ-ಹಾಸ್ಪಿಟಲ್ ಡೇಟಾ ಪೂರ್ತಿ ಅಲ್ಲಿಂದ ವಾಪಸ್ ಬಂತು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಅವರ ಪಾಲಿಗೆ ಅದೇ ಪಿಗ್ಮಿ ಡೈರಿ.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ರಾಗಿಯನ್ನೆಲ್ಲ ಮನೆಯ ವಾಡೆಯಲ್ಲೇ ಇಡುತ್ತಿರಲಿಲ್ಲ. ದಿನಬಳಕೆಗೆ ಬೇಕಾದ್ದು ಒಳಗೆ. ಉಳಿದದ್ದು ಹಗೇವಿನಲ್ಲಿ, ನೆಲದಡಿಯಲ್ಲಿ, ಹುಲ್ಲು ಮಣ್ಣು ಮುಚ್ಚಿ. ಮನೆಗೆ ಬೆಂಕಿ ಬಿದ್ದರೂ, ಕಳ್ಳರು ಬಂದರೂ ಹಗೇವು ಉಳಿಯುತ್ತಿತ್ತು. ಬ್ಯಾಕಪ್ ಅಂದರೆ ಅದು. ಸದಾ ಕಂಪ್ಯೂಟರ್‌ಗೆ ಚುಚ್ಚಿಟ್ಟ ಡಿಸ್ಕ್ ಹಗೇವಲ್ಲ, ಅಡುಗೆಮನೆಯ ಡಬ್ಬಿ. ಇನ್ನೂ ಒಂದು ಮಾತು. ಹಗೇವನ್ನು ಆಗಾಗ ತೆಗೆದು ನೋಡಬೇಕಿತ್ತು, ನೀರು ಇಳಿದಿದ್ದರೆ ರಾಗಿ ಮುಗ್ಗಲಾಗುತ್ತಿತ್ತು. ಬ್ಯಾಕಪ್‌ಗಳೂ ಮುಗ್ಗಲಾಗುತ್ತವೆ. ಡಿಸ್ಕ್ ಕೆಟ್ಟಿರುತ್ತದೆ, ಅರ್ಧ ಕಾಪಿ ಆಗಿರುತ್ತದೆ, ಆರು ತಿಂಗಳಿಂದ ಕಾಪಿಯೇ ಆಗಿರುವುದಿಲ್ಲ. ತೆರೆದು ನೋಡುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕಪರಿಶೋಧನಾ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟೇ. ಪ್ರತಿ ವರ್ಷ ನಿಮ್ಮ ಆಡಿಟರ್ ಬರುತ್ತಾರೆ. ಓಚರ್ ಎಣಿಸುತ್ತಾರೆ, ನಗದು ಎಣಿಸುತ್ತಾರೆ, ಅಡಮಾನದ ಚಿನ್ನ ತೂಗುತ್ತಾರೆ. ಹಾಗೇ ಒಂದು ಗಂಟೆ ಇದಕ್ಕೂ ಕೊಡಲಿ. ಬ್ಯಾಕಪ್ ಇರುವ ಡಿಸ್ಕನ್ನು ಬೇರೆಯೇ ಒಂದು ಕಂಪ್ಯೂಟರ್‌ಗೆ ಹಾಕಿ, ಅದರಿಂದ ಲೆಡ್ಜರ್ ತೆರೆಸಿ, ಹಿಂದಿನ ವಾರದ ಐದು ಖಾತೆಗಳ ಬಾಕಿ ತಾಳೆ ನೋಡಲಿ. ಬಂದರೆ 'ಬಂತು' ಅಂತ ಬರೆಯಲಿ. ಬರದಿದ್ದರೆ ಅದನ್ನೂ ವರದಿಯಲ್ಲಿ ಬರೆಯಲಿ. 'ಬ್ಯಾಕಪ್ ವ್ಯವಸ್ಥೆ ಇರುತ್ತದೆ' ಅನ್ನುವ ಒಂದು ಸಾಲಿಗೆ ಟಿಕ್ ಹಾಕಿ ಹೋಗುವುದು ಬೇಡ. ನಮ್ಮ ಸಂಸ್ಥೆಯ ವರದಿಯಲ್ಲೂ ಆ ಸಾಲು ಇತ್ತು. ಸಾಫ್ಟ್‌ವೇರ್ ದೂರದ ಸರ್ವರ್‌ನಲ್ಲಿದ್ದರೆ, ಆ ಕಂಪನಿಯವರೇ ಈ ಪರೀಕ್ಷೆ ಮಾಡಿ ತೋರಿಸಲಿ. ಸಿ-ಎಡ್ಜ್ ದಿನ ಆದ ಹಾಗೆ ಒಂದು ದಿನ ಸಂಪರ್ಕ ಕಡಿದರೆ, ಕೌಂಟರ್‌ನಲ್ಲಿ ನಿಂತ ರೈತನಿಗೆ ಏನು ಹೇಳಬೇಕು ಅನ್ನುವುದನ್ನೂ ಬರೆದುಕೊಡಲಿ.

ನಡುವೆ ಹ್ಯಾಕ್ಟಿವಿಸ್ಟರ ವಿಷಯ ಒಂದಿಷ್ಟು. ಇವರಿಗೆ ದುಡ್ಡಿಗಿಂತ ಸದ್ದು ಮುಖ್ಯ. ಧರ್ಮ, ದೇಶ, ಯುದ್ಧ ಯಾವುದಾದರೂ ಹೆಸರಿನಲ್ಲಿ ಜಾಲತಾಣ ಕೆಡಿಸುತ್ತಾರೆ, ಇಲ್ಲವೇ ಮುಳುಗಿಸುತ್ತಾರೆ. 2022ರ ಜೂನ್‌ನಲ್ಲಿ ಡ್ರ್ಯಾಗನ್‌ಫೋರ್ಸ್ ಮಲೇಷ್ಯಾ ಎಂಬ ಗುಂಪು ಭಾರತದ ಸುಮಾರು 70 ಜಾಲತಾಣಗಳ ಮೇಲೆ ಬಿತ್ತು. ಮುಳುಗಿಸುವುದು ಅಂದರೆ ಏನು ಅಂತ ನಮ್ಮ ರೈತರಿಗೆ ಬೇಗ ಅರ್ಥ ಆಗುತ್ತದೆ. 2025ರ ಜನವರಿಯಲ್ಲಿ ಕಾವೇರಿ-2 ಪೋರ್ಟಲ್ ನಿಂತುಹೋಗಿ ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಜನ ಕಾದು ಕೂತಿದ್ದರಲ್ಲಾ, ಅದು ಇಂಥದ್ದೇ ಬಗೆಯ ದಾಳಿ. ಕೆಲವೇ ಖಾತೆಗಳಿಂದ ಎರಡು ಗಂಟೆಯಲ್ಲಿ 6 ಲಕ್ಷಕ್ಕೂ ಹೆಚ್ಚು ಸುಳ್ಳು ಕೋರಿಕೆ. ಬಾಗಿಲಲ್ಲಿ ಸುಮ್ನೆ ಜನ ತುಂಬಿಸಿ, ನಿಜವಾಗಿ ಬಂದವರು ಒಳಗೆ ಹೋಗದ ಹಾಗೆ ಮಾಡುವುದು. ಅದನ್ನು ಹ್ಯಾಕ್ಟಿವಿಸ್ಟರು ಮಾಡಿದರು ಅಂತ ನಾನು ಹೇಳುತ್ತಿಲ್ಲ. ತಂತ್ರ ಒಂದೇ ಅಂದೆ ಅಷ್ಟೆ.

2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಗುಂಡು ಹಾರುತ್ತಿದ್ದಾಗ, ಅದು ಹ್ಯಾಕ್ ಆಯಿತು ಇದು ಹ್ಯಾಕ್ ಆಯಿತು ಅಂತ ವಾಟ್ಸಾಪ್ ತುಂಬಾ ಸುದ್ದಿ. ನನ್ನ ಅಂಗಡಿಗೇ ಹತ್ತು ಜನ ಬಂದು ಎಟಿಎಂ ಬಂದ್ ಆಗ್ತದಾ ಅಂತ ಕೇಳಿದರು. ಆಮೇಲೆ ಮಹಾರಾಷ್ಟ್ರದ ಸೈಬರ್ ಪೊಲೀಸರು ಲೆಕ್ಕ ಕೊಟ್ಟರು. ಸುಮಾರು 15 ಲಕ್ಷ ದಾಳಿಯ ಪ್ರಯತ್ನ, ಗೆದ್ದದ್ದು 150. ಬಾಯಿ ಬಡಿದುಕೊಳ್ಳುವುದೇ ಇವರ ಅರ್ಧ ಕೆಲಸ. ಹಾಗಂತ ಕಡೆಗಣಿಸುವಂತಿಲ್ಲ. ಘೋಸ್ಟ್‌ಸೆಕ್ ಎಂಬ ಗುಂಪು ಹೋರಾಟದ ಮಾತಾಡುತ್ತಲೇ 2023ರಲ್ಲಿ ಸ್ವಂತ ರಾನ್ಸಮ್‌ವೇರ್ ಬಾಡಿಗೆಗೆ ಬಿಟ್ಟಿತು. ರಷ್ಯಾ ಪರವಾದ ನೋನೇಮ್ ಎಂಬ ಗುಂಪು ದಾಳಿಗೆ ಕೈಜೋಡಿಸಿದವರಿಗೆ ಕ್ರಿಪ್ಟೋದಲ್ಲಿ ಕೂಲಿ ಕೊಡುತ್ತಿತ್ತು. ಬಾವುಟ ಯಾವುದಾದರೂ ಇರಲಿ, ಕೊನೆಗೆ ಎಲ್ಲರೂ ಅದೇ ಸಂತೆಗೆ ಬರುತ್ತಾರೆ.

ಈಗ ಮುಚ್ಚಿಡುವ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ನೋವು ಕೊಟ್ಟದ್ದು ಅದೇ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ 2023ರ ಅಕ್ಟೋಬರ್‌ನಲ್ಲಿ ರೈಸಿಡಾ ಎಂಬ ಗುಂಪು ನುಗ್ಗಿತು. ಸುಮಾರು 600 ಜಿಬಿ ಡೇಟಾ ಹೊತ್ತುಕೊಂಡು ಹೋಯಿತು. ಲೈಬ್ರರಿಯವರು ದುಡ್ಡು ಕೊಡಲಿಲ್ಲ. ಕಳ್ಳರು ಡೇಟಾವನ್ನು ಡಾರ್ಕ್ ವೆಬ್‌ನಲ್ಲಿ ಚೆಲ್ಲಿದರು. ಅದಾದ ಮೇಲೆ, 2024ರ ಮಾರ್ಚ್‌ನಲ್ಲಿ, ಲೈಬ್ರರಿಯವರು ಒಂದು ವರದಿ ಬರೆದು ಎಲ್ಲರಿಗೂ ಹಂಚಿದರು. ಎಲ್ಲಿ ನಮ್ಮ ತಪ್ಪು ಆಯಿತು, ಯಾವ ಹಳೆಯ ಯಂತ್ರ ಬದಲಿಸದೆ ಉಳಿಸಿಕೊಂಡಿದ್ದೆವು, ಎಲ್ಲಿ ಎರಡನೇ ಬೀಗ ಹಾಕಿರಲಿಲ್ಲ, ಎಲ್ಲ ಅದರಲ್ಲಿದೆ. ನಾನು ಡಿಕ್ಷನರಿ ಇಟ್ಟುಕೊಂಡು ಎರಡು ರಾತ್ರಿ ಅದನ್ನು ಓದಿದೆ. ಎಷ್ಟೋ ಕಡೆ ಇದು ನಮ್ಮದೇ ಕಥೆ ಅನ್ನಿಸಿತು. ಅವರು ಹೇಳಿಕೊಂಡಿದ್ದರಿಂದ ನಾನು ಇನ್ನೆರಡು ಸೊಸೈಟಿಗಳಲ್ಲಿ ತೆರೆದಿದ್ದ ಅದೇ ಬಾಗಿಲು ಮುಚ್ಚಿದೆ. ನಮ್ಮ ಸಂಸ್ಥೆ ಅವತ್ತು ಸುಮ್ಮನಿದ್ದದ್ದರಿಂದ ಪಕ್ಕದ ಹೋಬಳಿಯವರಿಗೆ ಏನೂ ಗೊತ್ತಾಗಲಿಲ್ಲ. ಅವರ ರೌಟರ್ ಹೊಂದಿಸಿದವನೂ ನಾನೇ.

ಕಾನೂನು ಇಲ್ಲ ಅಂತಲ್ಲ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸಂಸ್ಥೆಗಳು ತಿಳಿಸಬೇಕು. ನಮ್ಮ ಕಾರ್ಯದರ್ಶಿಗೆ ಸರ್ಟ್-ಇನ್ ಅಂದರೆ ಏನಂತಲೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಡೇಟಾ ಸೋರಿದರೆ ಆ ಜನರಿಗೆ ಹೇಳಬೇಕು, ಹೇಳದಿದ್ದರೆ 200 ಕೋಟಿವರೆಗೆ ದಂಡ ಅಂತ ಅದರಲ್ಲಿದೆ. ಆ ಭಾಗ ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಒಂದು ಕೋಟಿ ಠೇವಣಿಯೂ ಇಲ್ಲದ ಸೌಹಾರ್ದಕ್ಕೆ 200 ಕೋಟಿ ಅಂದರೆ ಹೆದರಿಕೆಯೂ ಆಗುವುದಿಲ್ಲ, ನಗು ಬರುತ್ತದೆ. ಅವರಿಗೆ ಬೇಕಾಗಿರುವುದು ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ. ನೆಟ್ ವೈರ್ ಮೊದಲು ಕಿತ್ತುಹಾಕಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷಿ ಹೋಗುತ್ತದೆ. ಚೀಟಿಯ ಫೋಟೋ ತೆಗೆದಿಡಿ. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಹೋಗಿ. ಇಲಾಖೆಯಲ್ಲಿ ಇಂಥವರಿಗೆ ಫೋನ್ ಮಾಡಿ. ನೋ ಮೋರ್ ರಾನ್ಸಮ್ ಎಂಬ ಜಾಲತಾಣದಲ್ಲಿ ಯೂರೋಪಿನ ಪೊಲೀಸರು, ಭದ್ರತಾ ಕಂಪನಿಗಳು 2016ರಿಂದ ಎಷ್ಟೋ ಬೀಗಗಳ ಕೈಯನ್ನು ಪುಕ್ಕಟೆ ಇಟ್ಟಿದ್ದಾರೆ, ಮೊದಲು ಅಲ್ಲಿ ಹುಡುಕಿ. ಇಷ್ಟು ಸಾಕು. ಕೊನೆಯದ್ದು ನನಗೆ ಅವತ್ತು ಗೊತ್ತಿದ್ದರೆ ಆ ಹುಡುಗಿಯ ನಾಲ್ಕು ತಿಂಗಳು ಉಳಿಯುತ್ತಿತ್ತೋ ಏನೋ. ಉಳಿಯದೆಯೂ ಇರಬಹುದಿತ್ತು, ಎಲ್ಲ ಬೀಗಕ್ಕೂ ಅಲ್ಲಿ ಕೈ ಇಲ್ಲ.

ಮತ್ತೆ, ಹೇಳಿಕೊಂಡವರನ್ನು ದಂಡಿಸಬೇಡಿ. ಇದು ಮುಖ್ಯ. ಬಂದು ಹೇಳಿದ ಕಾರ್ಯದರ್ಶಿಯನ್ನೇ ಮೊದಲು ಅಮಾನತು ಮಾಡಿದರೆ ಮುಂದಿನವನು ಹೇಳುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವರ ಮೇಲೆ ಕ್ರಮ ತಗೊಳ್ಳಿ, ನನ್ನನ್ನೂ ಸೇರಿಸಿ. ಆಸ್ಟ್ರೇಲಿಯಾದಲ್ಲಿ 2025ರ ಮೇ 30ರಿಂದ, ಒಂದು ಮಟ್ಟಕ್ಕಿಂತ ದೊಡ್ಡ ಸಂಸ್ಥೆ ಕಳ್ಳರಿಗೆ ದುಡ್ಡು ಕೊಟ್ಟರೆ 72 ಗಂಟೆಯೊಳಗೆ ಸರ್ಕಾರಕ್ಕೆ ಹೇಳಲೇಬೇಕು. ಬ್ರಿಟನ್ನಿನಲ್ಲಿ ಸರ್ಕಾರಿ ಸಂಸ್ಥೆಗಳು ದುಡ್ಡು ಕೊಡುವುದನ್ನೇ ನಿಷೇಧಿಸಲು ಹೊರಟಿದ್ದಾರೆ. ನಮ್ಮ ಸೊಸೈಟಿಯ ದುಡ್ಡು ಯಾರದ್ದು? ಸದಸ್ಯರದ್ದು. ಸದಸ್ಯರಿಗೆ ಹೇಳದೆ, ಯಾವುದೋ ಖರ್ಚಿನ ಹೆಸರು ಬರೆದು ಅದನ್ನು ಕಳ್ಳರಿಗೆ ಕೊಡುವ ಹಕ್ಕು ಯಾವ ಮಂಡಳಿಗೂ ಇಲ್ಲ. ಈ ಒಂದು ಸಾಲನ್ನು ಉಪವಿಧಿಗೆ ಸೇರಿಸಲು ವಿಧಾನಸಭೆ ಕೂರಬೇಕಾಗಿಲ್ಲ ಅಂದುಕೊಂಡಿದ್ದೇನೆ.

2001ರಲ್ಲೇ ದೇಶದ ಮೊದಲ ಸೈಬರ್ ಅಪರಾಧ ಠಾಣೆ ಬೆಂಗಳೂರಿನಲ್ಲಿ ಆಯಿತು. ನಮಗೆ ಅದು ಹೆಮ್ಮೆ. ಆದರೆ ನಮ್ಮ ಅಧ್ಯಕ್ಷರಿಗೆ ಆ ಠಾಣೆಯ ಮೆಟ್ಟಿಲು ಹತ್ತಲು ಇದ್ದ ಅಡ್ಡಿ ದೂರದ್ದಲ್ಲ, ಮಾನದ್ದು. ಅದನ್ನು ತೆಗೆಯುವುದು ಪೊಲೀಸರಿಗಿಂತ ನಿಮ್ಮ ಕೈಯಲ್ಲೇ ಜಾಸ್ತಿ ಇದೆ.

ಆ ಸಂಸ್ಥೆಯಲ್ಲಿ ನಾನೂ ಒಬ್ಬ ಷೇರುದಾರ. ಪ್ರತಿ ವರ್ಷ ಮಹಾಸಭೆಗೆ ಹೋಗುತ್ತೇನೆ. ಕಾರದ ಮಿಕ್ಸ್ಚರ್, ಮೈಸೂರು ಪಾಕ್ ಪೊಟ್ಟಣ ತಗೊಂಡು, ಡಿವಿಡೆಂಡ್ ಎಷ್ಟು ಅಂತ ಕೇಳಿಕೊಂಡು ವಾಪಸ್ ಬರುತ್ತೇನೆ. ಈ ಸಲ ಎದ್ದು ನಿಲ್ಲುತ್ತೇನೆ. 2020ರಲ್ಲಿ ಬಾಗಿಲು ತೆರೆದವನು ನಾನು ಅಂತ ಮೈಕ್‌ನಲ್ಲೇ ಹೇಳುತ್ತೇನೆ. ಪಿಗ್ಮಿ ಕಲೆಕ್ಟರ್‌ನ ಡೈರಿಯ ವಿಷಯವನ್ನೂ ಹೇಳುತ್ತೇನೆ. ಆಮೇಲೆ ಹೊಸ ಹಾರ್ಡ್‌ಡಿಸ್ಕನ್ನು ಬೀರುವಿನಿಂದ ತಂದು, ನನ್ನ ಲ್ಯಾಪ್‌ಟಾಪ್‌ಗೆ ಹಾಕಿ, ಎಲ್ಲರ ಮುಂದೆ ತೆರೆಯಿರಿ ಅಂತ ಕೇಳುತ್ತೇನೆ. ನಿಮ್ಮ ಇಲಾಖೆಯಿಂದ ಯಾರಾದರೂ ಅವತ್ತು ಬಂದರೆ ಒಳ್ಳೆಯದು. ಕುರ್ಚಿ ಹಾಕಿಸಿರುತ್ತೇವೆ.

ಇಂತಿ,
ತಾಲ್ಲೂಕು ಕೇಂದ್ರದ ಒಬ್ಬ ಕಂಪ್ಯೂಟರ್ ರಿಪೇರಿಯವನು